ನಾಲ್ಕು ಪಿಸ್ತೂಲು, ಒಂದು ಹೆಬ್ಬೆರಳು

ಟೈಮರ್ ಕೂಗಿತು. ಕೈ ಹೋಲ್‌ಸ್ಟರ್‌ಗೆ ಹೋಯಿತು, ಪಿಸ್ತೂಲು ಮೇಲೆ ಬಂತು, ಎಡಗೈ ಬಂದು ಬಲಗೈಯನ್ನು ಸುತ್ತಿ ಹಿಡಿಯಿತು, ಮೂತಿಯ ಮೇಲಿನ ಗುರಿಮೊನೆ, ಫ್ರಂಟ್ ಸೈಟ್, ಗುರಿಯ ನಡುವೆ ನಿಂತಿತು. ಅಲ್ಲಿಯವರೆಗೆ ಎಲ್ಲ ಸರಿಯಾಗಿಯೇ ಇತ್ತು. ಟ್ರಿಗರ್ ಒತ್ತಿದೆ. ಸದ್ದಿಲ್ಲ. ಇನ್ನಷ್ಟು ಒತ್ತಿದೆ. ಆಗಲೂ ಇಲ್ಲ. ಟ್ರಿಗರ್ ಗೋಡೆಯ ಹಾಗೆ ಗಟ್ಟಿಯಾಗಿ ನಿಂತಿತ್ತು. ಗುಂಡು ಸಿಕ್ಕಿಕೊಂಡಿರಬೇಕು ಅಂದುಕೊಂಡು ಪಿಸ್ತೂಲಿನ ಮೇಲಿನ ಜಾರುವ ಭಾಗವನ್ನು, ಸ್ಲೈಡನ್ನು, ಎಳೆಯಲು ಹೋದೆ. ಅದೂ ಬರಲಿಲ್ಲ. ಆಮೇಲೆ ಕಣ್ಣಿಗೆ ಬಿತ್ತು: ಸೇಫ್ಟಿ, ಅಂದರೆ ಗುಂಡು ಹಾರದಂತೆ ತಡೆಯುವ ಸಣ್ಣ ಕೀಲು, ಇನ್ನೂ ಮೇಲೆಯೇ ಇದೆ. ನನ್ನ ಕೈಯಲ್ಲಿದ್ದದ್ದು 1911 ಅನ್ನುವ ಮಾದರಿಯ ಪಿಸ್ತೂಲು. ಸೇಫ್ಟಿ ಹಾಕಿದ್ದರೆ ಅದರ ಟ್ರಿಗರೂ ಅಲ್ಲಾಡದು, ಸ್ಲೈಡೂ ಅಲ್ಲಾಡದು. ಪಿಸ್ತೂಲು ತನ್ನ ಕೆಲಸ ತಾನು ಮಾಡುತ್ತಿತ್ತು. ಮಾಡದೆ ಕೂತದ್ದು ನನ್ನ ಬಲಗೈ ಹೆಬ್ಬೆರಳು.

ಪಕ್ಕದಲ್ಲಿ ಟೈಮರ್ ಹಿಡಿದು ನಿಂತವರು ಏನೂ ಅನ್ನಲಿಲ್ಲ. ಹಿಂದೆ ಸಾಲಿನಲ್ಲಿ ನಿಂತವರೂ ಅನ್ನಲಿಲ್ಲ. ಯಾರಾದರೂ ಒಂದು ಮಾತು ಅಂದಿದ್ದರೆ ಚೆನ್ನಾಗಿತ್ತೇನೋ. ಅದು ಚಿಕ್ಕ ಸ್ನೇಹದ ಪಂದ್ಯ, ಗೆದ್ದರೂ ಸೋತರೂ ಏನೂ ಇಲ್ಲ. ಆದರೂ ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಯಾಕೆಂದರೆ ಅದೇ ಪಿಸ್ತೂಲಿನಲ್ಲಿ ಆ ಸೇಫ್ಟಿಯನ್ನು ನಾನು ಸಾವಿರ ಸಲವಾದರೂ ಕೆಳಗೆ ತಳ್ಳಿದ್ದೆ. ಗೊತ್ತಿಲ್ಲದ ಕೆಲಸ ಅಲ್ಲ ಅದು. ಗೊತ್ತಿದ್ದ ಕೆಲಸ ಬೇಕಾದ ಹೊತ್ತಿಗೆ ಬರಲಿಲ್ಲ.

ಬರಲಿಲ್ಲ ಯಾಕೆ ಅನ್ನುವುದಕ್ಕೆ ಸುಲಭದ ಉತ್ತರ ಒಂದಿತ್ತು. ಅದಕ್ಕೂ ಮುಂಚಿನ ಮೂರು ವಾರ ನಾನು ಗ್ಲಾಕ್ ಅನ್ನುವ ಬೇರೆ ಪಿಸ್ತೂಲು ಹಿಡಿದಿದ್ದೆ. ಗ್ಲಾಕ್‌ನಲ್ಲಿ ಹೆಬ್ಬೆರಳಿಗೆ ಸೇಫ್ಟಿಯೇ ಇಲ್ಲ, ಇರುವುದೆಲ್ಲ ಟ್ರಿಗರಿನ ಮೇಲೆ ಮತ್ತು ಒಳಗೆ. ಮೂರು ವಾರದಲ್ಲಿ ಹೆಬ್ಬೆರಳು ಸುಮ್ನೆ ಕೂರುವುದನ್ನು ಕಲಿತಿತ್ತು. ಈ ಉತ್ತರ ಸರಿಯೇ. ಆದರೆ ಪೂರ್ತಿ ಅಲ್ಲ ಅಂತ ಗೊತ್ತಾಗಲು ಇನ್ನೂ ಕೆಲವು ತಿಂಗಳು ಬೇಕಾಯಿತು.

ನಾಲ್ಕು ಯಾಕೆ ಬೇಕಿತ್ತು

ಆ ವರ್ಷ ನನ್ನ ಅಭ್ಯಾಸ ನಾಲ್ಕು ಪಿಸ್ತೂಲುಗಳ ನಡುವೆ ಸುತ್ತುತ್ತಿತ್ತು. ಗ್ಲಾಕ್ 17, 1911, ಬೆರೆಟ್ಟಾ 92, ಜೊತೆಗೆ ಸಣ್ಣ ಗುಂಡಿನ ಒಂದು .22 ಪಿಸ್ತೂಲು. ಎಲ್ಲವೂ ನನ್ನವಲ್ಲ. ರೇಂಜಿನಲ್ಲಿ ಗೆಳೆಯರ ನಡುವೆ ಅವರದ್ದು ಇವರಿಗೆ, ಇವರದ್ದು ಅವರಿಗೆ ಕೊಟ್ಟು ತಗೊಂಡು ಹೊಡೆಯುವುದು ಇದ್ದೇ ಇರುತ್ತದೆ. ಕೇಳಿದವರಿಗೆ ನಾನು ಹೇಳುತ್ತಿದ್ದದ್ದು ಒಂದೇ ಮಾತು: ಯಾವುದು ಕೊಟ್ಟರೂ ಹೊಡೆಯಲು ಬರಬೇಕು, ಒಂದಕ್ಕೇ ಅಂಟಿಕೊಂಡರೆ ಅದರ ಚಾಳಿ ಮಾತ್ರ ಬರುತ್ತದೆ. ಕೇಳಲು ಚೆನ್ನಾಗಿದೆ, ಅಲ್ವಾ? ನನಗೂ ಹಾಗೇ ಅನಿಸುತ್ತಿತ್ತು.

ಈ ನಾಲ್ಕನ್ನೂ ಮೇಜಿನ ಮೇಲೆ ಇಟ್ಟು ನೋಡಿದರೆ ಎಲ್ಲ ಒಂದೇ ಜಾತಿ ಅನಿಸುತ್ತದೆ. ಕೈಗೆ ಬಂದಾಗ ಹಾಗಿಲ್ಲ. 1911 ಜಾನ್ ಬ್ರೌನಿಂಗ್ ಮಾಡಿದ ವಿನ್ಯಾಸ. ಅಮೆರಿಕದ ಸೈನ್ಯ ಅದನ್ನು ಒಪ್ಪಿಕೊಂಡ ವರ್ಷವೇ ಅದರ ಹೆಸರು. ಬಡಿದು ಗುಂಡು ಹಾರಿಸುವ ಹ್ಯಾಮರನ್ನು ಹಿಂದಕ್ಕೆ ಎಳೆದು, ಸೇಫ್ಟಿ ಹಾಕಿ ಇಟ್ಟುಕೊಳ್ಳುವ ಪಿಸ್ತೂಲು ಅದು. ಹೊಡೆಯುವಾಗ ಹೆಬ್ಬೆರಳಿನಿಂದ ಸೇಫ್ಟಿಯನ್ನು ಕೆಳಗೆ ಒತ್ತಬೇಕು. ಟ್ರಿಗರ್ ಹಿಂದಕ್ಕೆ ಹೋಗುವ ದೂರ ತುಂಬಾ ಕಮ್ಮಿ, ಕಡ್ಡಿ ಮುರಿದ ಹಾಗೆ ಬಿಡುತ್ತದೆ. ಬೆರೆಟ್ಟಾ 92ರಲ್ಲಿ ಸೇಫ್ಟಿ ಕೂತಿರುವುದೇ ಸ್ಲೈಡಿನ ಮೇಲೆ, ಮತ್ತು ಲೆಕ್ಕ ಉಲ್ಟಾ: ಮೇಲಿದ್ದರೆ ಹೊಡೆಯುತ್ತದೆ, ಕೆಳಗೆ ತಳ್ಳಿದರೆ ಸೇಫ್ಟಿ ಬೀಳುತ್ತದೆ. ಇದನ್ನು ಇನ್ನೊಮ್ಮೆ ಓದಿ. ಒಂದು ಪಿಸ್ತೂಲಿನಲ್ಲಿ ಯಾವ ಚಲನೆ ಗುಂಡಿಗೆ ದಾರಿ ಬಿಡುತ್ತದೋ, ಇನ್ನೊಂದರಲ್ಲಿ ಅದೇ ಚಲನೆ ದಾರಿ ಮುಚ್ಚುತ್ತದೆ. ಹೆಬ್ಬೆರಳಿಗೆ ಸೋಮವಾರ ಒಂದು ಪಾಠ, ಗುರುವಾರ ಅದರ ತಲೆಕೆಳಗಿನ ಪಾಠ. ನಡುವೆ ಗ್ಲಾಕ್ ಬಂದು, ಎರಡೂ ಬೇಡ, ಸುಮ್ನಿರು ಅನ್ನುತ್ತದೆ.

ಟ್ರಿಗರಿನ ಕತೆಯೂ ಹೀಗೇ. ಗ್ಲಾಕ್‌ನದ್ದನ್ನು ಒತ್ತಲು ಸುಮಾರು 2.5 ಕೆ.ಜಿ. ಭಾರದಷ್ಟು ಬಲ ಬೇಕು, ಪ್ರತಿ ಗುಂಡಿಗೂ ಒಂದೇ ತರಹ. ಬೆರೆಟ್ಟಾದಲ್ಲಿ ಮೊದಲ ಗುಂಡಿಗೆ ಟ್ರಿಗರ್ ಉದ್ದ, ಭಾರ. ಅದೇ ಒತ್ತು ಹ್ಯಾಮರನ್ನೂ ಎತ್ತಬೇಕಲ್ಲ. ಎರಡನೆಯ ಗುಂಡಿನ ಹೊತ್ತಿಗೆ ಸ್ಲೈಡೇ ಹ್ಯಾಮರನ್ನು ಎತ್ತಿಟ್ಟಿರುತ್ತದೆ, ಟ್ರಿಗರ್ ಹಗುರ. ಹಿಡಿಕೆಯ ಓರೆಯೂ ಬೇರೆ ಬೇರೆ. ಗ್ಲಾಕ್‌ನ ಹಿಡಿಕೆ 1911ಕ್ಕಿಂತ ಹೆಚ್ಚು ಓರೆ. 1911ಕ್ಕೆ ಒಗ್ಗಿದ ಕೈಯಲ್ಲಿ ಗ್ಲಾಕ್ ಎತ್ತಿದರೆ ಮೂತಿ ಆಕಾಶ ನೋಡುತ್ತದೆ, ಫ್ರಂಟ್ ಸೈಟ್ ಎಲ್ಲಿ ಹೋಯಿತು ಅಂತ ಹುಡುಕಬೇಕು. ಹುಡುಕಿ ಇಳಿಸಲು ಅರ್ಧ ಸೆಕೆಂಡ್. ಕಾಗದದ ಮೇಲಿನ ಗುರಿಗೆ ನಿಧಾನವಾಗಿ ಹೊಡೆಯುವಾಗ ಇದು ಲೆಕ್ಕಕ್ಕೇ ಬರುವುದಿಲ್ಲ. ಟೈಮರ್ ಓಡುವಾಗ ಬರುತ್ತದೆ.

ಇಷ್ಟೆಲ್ಲ ಗೊತ್ತಿದ್ದೇ ನಾಲ್ಕನ್ನು ಹಿಡಿದಿದ್ದೆ. ಗೊತ್ತಿರುವುದು ತಲೆಗೆ. ಸೇಫ್ಟಿ ತಳ್ಳುವುದು ತಲೆ ಅಲ್ಲ.

ನೋಟ್‌ಬುಕ್ಕಿನ ನೆಪಗಳು

ಪಂದ್ಯದ ಮರುದಿನ ನನ್ನ ಅಭ್ಯಾಸದ ನೋಟ್‌ಬುಕ್ ತೆಗೆದು ಕೂತೆ. ಪ್ರತಿ ಸಲ ಏನು ಹೊಡೆದೆ, ಎಷ್ಟು ದೂರ, ಗುಂಡುಗಳು ಎಲ್ಲಿ ಬಿದ್ದವು ಅಂತ ಬರೆದಿಡುವ ಅಭ್ಯಾಸ ಇದೆ. ನನ್ನ ಬಗ್ಗೆ ನನಗೆ ಮೆಚ್ಚುಗೆ ಇರುವ ಕೆಲವೇ ವಿಷಯಗಳಲ್ಲಿ ಇದೂ ಒಂದು. ಅವತ್ತು ಓದುತ್ತಾ ಹೋದ ಹಾಗೆ ಆ ಮೆಚ್ಚುಗೆ ಕರಗಿತು.

ಗ್ಲಾಕ್‌ನ ಪುಟ: ಗುಂಡುಗಳು ಕೆಳಗೆ, ಎಡಕ್ಕೆ. ಪಕ್ಕದಲ್ಲಿ ನನ್ನದೇ ಅಕ್ಷರದಲ್ಲಿ, ಟ್ರಿಗರ್ ಒರಟು. 1911ರ ಪುಟ: ಕೆಳಗೆ. ಷರಾ, ಸೈಟ್ ಸರಿಮಾಡಿಸಬೇಕು. ಬೆರೆಟ್ಟಾ: ಮೊದಲ ಗುಂಡು ಕೆಳಗೆ ಎಡಕ್ಕೆ, ಮಿಕ್ಕವು ಸ್ವಲ್ಪ ಕೆಳಗೆ. ಷರಾ, ಮೊದಲ ಒತ್ತು ಉದ್ದ, ಅಭ್ಯಾಸ ಆಗಬೇಕು. ಮೂರು ಪಿಸ್ತೂಲು, ಮೂರು ಕಾರಣ. ಎಲ್ಲ ಗುಂಡೂ ಬಿದ್ದದ್ದು ಮಾತ್ರ ಒಂದೇ ಕಡೆ.

ಪಿಸ್ತೂಲು ಹಿಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಲಗೈಯವರ ಗುಂಡು ಕೆಳಗೆ ಎಡಕ್ಕೆ ಹೋಗುತ್ತಿದೆ ಅಂದರೆ ಮೊದಲು ಅನುಮಾನ ಪಡಬೇಕಾದದ್ದು ಫ್ಲಿಂಚ್. ಸದ್ದು, ಒದೆತ ಈಗ ಬರುತ್ತದೆ ಅಂತ ಮೈಗೆ ಗೊತ್ತು. ಅದು ಬರುವುದಕ್ಕೆ ಮೊದಲೇ ಮೈ ಅದನ್ನು ತಡೆಯಲು ಹೋಗುತ್ತದೆ. ಟ್ರಿಗರ್ ಬಿಡುವ ಕ್ಷಣಕ್ಕೆ ಸ್ವಲ್ಪ ಮುಂಚೆ ಮಣಿಕಟ್ಟು ಕೆಳಗೆ ತಳ್ಳುತ್ತದೆ. ಇದು ಪಿಸ್ತೂಲಿನಲ್ಲಿ ಇರುವ ದೋಷ ಅಲ್ಲ. ಹಿಡಿದವನ ಜೊತೆಗೇ ಬಂದು ಅವನ ಜೊತೆಗೇ ಹೋಗುವ ದೋಷ. ಬೇರೆಯವರ ಗುರಿ ಹಾಳೆ ನೋಡಿ ನಾನು ಎಷ್ಟೋ ಸಲ ಇದನ್ನೇ ಹೇಳಿದ್ದೇನೆ. ನನ್ನ ನೋಟ್‌ಬುಕ್ಕಿನಲ್ಲಿ ಅದು ಮೂರು ವೇಷದಲ್ಲಿ ಕೂತಿತ್ತು, ಪ್ರತಿ ವೇಷಕ್ಕೂ ನಾನೇ ಹೆಸರಿಟ್ಟಿದ್ದೆ.

ಇನ್ನೂ ಬೇಜಾರಿನ ವಿಷಯ ತಾರೀಖುಗಳನ್ನು ಜೋಡಿಸಿದಾಗ ಸಿಕ್ಕಿತು. ಯಾವ ಪಿಸ್ತೂಲನ್ನು ಯಾವಾಗ ಬದಲಿಸಿದ್ದೇನೆ ಅಂತ ನೋಡಿದೆ. ಒಂದು ಪಿಸ್ತೂಲಿನಲ್ಲಿ ಸತತ ಎರಡು ಮೂರು ಸಲ ಕೆಟ್ಟದಾಗಿ ಹೊಡೆದ ಮೇಲೆ ಮುಂದಿನ ಪುಟದಲ್ಲಿ ಬೇರೆ ಪಿಸ್ತೂಲು. ಹೆಚ್ಚು ಕಡಿಮೆ ಪ್ರತಿ ಸಲವೂ. ಹೊಸದು ಹಿಡಿದ ದಿನ ಗುರಿ ಚೆನ್ನಾಗಿಯೇ ಇರುತ್ತದೆ, ಯಾಕೆಂದರೆ ಹೊಸ ಟ್ರಿಗರ್ ಯಾವಾಗ ಬಿಡುತ್ತದೆ ಅಂತ ಮೈಗೆ ಇನ್ನೂ ಗೊತ್ತಿಲ್ಲ, ಮುಂಚೆ ಬೆದರಲು ಅದಕ್ಕೆ ಸಮಯ ಸಿಗುವುದಿಲ್ಲ. ಎರಡು ವಾರದಲ್ಲಿ ಟ್ರಿಗರ್ ಪರಿಚಯ ಆಗುತ್ತದೆ, ಫ್ಲಿಂಚ್ ವಾಪಸ್ ಬರುತ್ತದೆ, ನಾನು ಇನ್ನೊಂದು ಪಿಸ್ತೂಲಿಗೆ ಹೋಗುತ್ತೇನೆ. ನಾನು ಹಲವು ಪಿಸ್ತೂಲುಗಳಲ್ಲಿ ಅಭ್ಯಾಸ ಮಾಡುತ್ತಿರಲಿಲ್ಲ. ಪ್ರತಿಯೊಂದೂ ನನ್ನ ತಪ್ಪನ್ನು ಬಾಯಿಬಿಟ್ಟು ಹೇಳುವ ಹೊತ್ತಿಗೆ ಅದರಿಂದ ಎದ್ದು ಹೋಗುತ್ತಿದ್ದೆ.

(.22 ಯಾಕೆ ಈ ಪಟ್ಟಿಯಲ್ಲಿ ಇಲ್ಲ ಅಂದರೆ, ಅದರಲ್ಲಿ ಚೆನ್ನಾಗಿ ಹೊಡೆಯುತ್ತಿದ್ದೆ. ಒದೆತವೂ ಇಲ್ಲ, ಸದ್ದೂ ಕಮ್ಮಿ. ಅದರ ಪುಟ ನೋಡಿದಾಗಲೇ ಬುದ್ಧಿ ಬರಬೇಕಿತ್ತು. ನಾನು ಅದನ್ನು, .22 ಒಳ್ಳೆಯ ಪಿಸ್ತೂಲು, ಅಂತ ಓದಿಕೊಂಡೆ.)

ರಿವಾಲ್ವರ್‌ನ ಮಧ್ಯಾಹ್ನ

ಹಾಗಾದರೆ ಒಂದನ್ನೇ ಹಿಡಿ, ಮಿಕ್ಕದ್ದು ಬಿಡು ಅಂತ ಇಲ್ಲಿಗೆ ಮುಗಿಸಬಹುದಿತ್ತು. ಆದರೆ ನನ್ನ ಫ್ಲಿಂಚನ್ನು ಕೊನೆಗೂ ನನ್ನ ಕಣ್ಣಿಗೆ ತೋರಿಸಿದ್ದು ಐದನೆಯ ಗನ್.

ರೇಂಜಿನಲ್ಲಿ ನಮಗೆ ಕಲಿಸಿದ ಹಿರಿಯರೊಬ್ಬರಿದ್ದರು. ಅವರಿಗೆ ನೋಟ್‌ಬುಕ್ ತೋರಿಸಿದೆ. ಎರಡು ಪುಟ ನೋಡಿ ಮುಚ್ಚಿದರು. ಪೆಟ್ಟಿಗೆಯಿಂದ ಆರು ಗುಂಡಿನ ರಿವಾಲ್ವರ್ ತೆಗೆದರು. "ನನ್ನ ಕಡೆ ಬೆನ್ನು ಹಾಕಪ್ಪ," ಅಂದರು. ತಿರುಗಿ ನಿಂತೆ. ಸಿಲಿಂಡರ್ ತಿರುಗುವ ಟಿಕಟಿಕ, ಆಮೇಲೆ ಅದು ಮುಚ್ಚಿದ ಸದ್ದು. ಗುರಿಯ ಕಡೆ ಮೂತಿ ಇರುವಂತೆ ನನ್ನ ಕೈಗೆ ಕೊಟ್ಟರು. "ಆರು ಸಲ ಒತ್ತು. ನಿಧಾನಕ್ಕೆ."

ಮೊದಲನೆಯದು ಹಾರಿತು. ಎರಡನೆಯದೂ ಹಾರಿತು. ಮೂರನೆಯದಕ್ಕೆ ಬರೀ ಟಿಕ್ ಅಂತು, ಯಾಕೆಂದರೆ ಆ ಕೋಣೆಯಲ್ಲಿ ಅವರು ಇಟ್ಟಿದ್ದದ್ದು ಹೊಡೆದು ಮುಗಿಸಿದ ಖಾಲಿ ಕೇಸು. ಗುಂಡು ಹಾರಲಿಲ್ಲ, ಒದೆತ ಬರಲಿಲ್ಲ. ಆದರೆ ರಿವಾಲ್ವರಿನ ಮೂತಿ ಎರಡು ಬೆರಳು ಕೆಳಗೆ ಕುಸಿಯಿತು. ಯಾರೋ ಮೇಲಿಂದ ಹೊಡೆದ ಹಾಗೆ. ಹೊಡೆದವನು ನಾನೇ. ಗುಂಡು ಹಾರುವಾಗ ಇದು ಕಾಣುವುದಿಲ್ಲ, ಒದೆತ ಎಲ್ಲವನ್ನೂ ಮುಚ್ಚಿಬಿಡುತ್ತದೆ. ಒದೆತ ಇಲ್ಲದಾಗ ನನ್ನ ಮಣಿಕಟ್ಟು ಮಾಡಿದ್ದು ಬಟಾಬಯಲಾಯಿತು.

ಅವರು ನಗಲಿಲ್ಲ. "ಇದು ಯಾವ ಪಿಸ್ತೂಲಿನ ದೋಷ?" ಅಂತ ಕೇಳಿದರು. ನಾನು ಮಾತಾಡಲಿಲ್ಲ. "ಇನ್ನೂ ಮೂರಿದೆ, ಒತ್ತು," ಅಂದರು.

ಮ್ಯಾಗಜೀನಿನಲ್ಲಿ ನಡುವೆ ಡಮ್ಮಿ ಗುಂಡು ಸೇರಿಸಿ ಗ್ಲಾಕ್‌ನಲ್ಲೂ ಇದನ್ನು ಮಾಡಬಹುದು. ಆಮೇಲೆ ಮಾಡಿದ್ದೇನೆ ಕೂಡ. ಆದರೆ ಪಿಸ್ತೂಲಿನಲ್ಲಿ ಡಮ್ಮಿ ಬಂದರೆ ಸ್ಲೈಡ್ ಎಳೆದು ಅದನ್ನು ಹೊರಗೆ ಹಾಕಬೇಕು, ಲಯ ತಪ್ಪುತ್ತದೆ. ರಿವಾಲ್ವರಿನಲ್ಲಿ ಸುಮ್ನೆ ಮತ್ತೆ ಒತ್ತಿದರಾಯಿತು, ಸಿಲಿಂಡರ್ ತಾನೇ ಮುಂದಿನ ಕೋಣೆಗೆ ಹೋಗುತ್ತದೆ. ಜೊತೆಗೆ ಅದರ ಟ್ರಿಗರ್ ಉದ್ದ. ಅಷ್ಟು ದೂರವನ್ನು ಒಂದೇ ಸಮ ಎಳೆಯುತ್ತಾ ಸೈಟನ್ನು ಅಲ್ಲಾಡದಂತೆ ಇಟ್ಟುಕೊಳ್ಳುವುದು ಬೇರೆ ಯಾವ ಟ್ರಿಗರ್ ಕಲಿಸುವುದಕ್ಕಿಂತ ಜಾಸ್ತಿ ಕಲಿಸುತ್ತದೆ. ಹಾಗಂತ ರಿವಾಲ್ವರ್ ಪಾಪದ ಪ್ರಾಣಿ ಅಲ್ಲ. ಪಿಸ್ತೂಲಿನಲ್ಲಿ ಎರಡೂ ಹೆಬ್ಬೆರಳು ಮುಂದಕ್ಕೆ ಚಾಚಿ ಹಿಡಿಯುವವರು ಅದೇ ಹಿಡಿತವನ್ನು ಇಲ್ಲಿ ತಂದರೆ, ಸಿಲಿಂಡರ್ ಮತ್ತು ಬ್ಯಾರಲ್ ನಡುವಿನ ಸಂದಿನಿಂದ ಬರುವ ಬಿಸಿ ಅನಿಲ ಬೆರಳನ್ನು ಸುಡುತ್ತದೆ. ರಿವಾಲ್ವರಿನ ಹಿಡಿತವನ್ನು ಪಿಸ್ತೂಲಿಗೆ ಒಯ್ದು ಹೆಬ್ಬೆರಳನ್ನು ಸ್ಲೈಡಿನ ಹಿಂದೆ ಇಟ್ಟವರ ಚರ್ಮ ಕಿತ್ತು ಬಂದದ್ದೂ ಉಂಟು. ಇಲ್ಲಿಯೂ ಪಾಪ ಹೆಬ್ಬೆರಳೇ.

ಕಾಳಿನ ಚೀಲ ಎಸೆದ ಮಕ್ಕಳು

ಹಲವು ಪಿಸ್ತೂಲುಗಳ ಪರವಾಗಿ ನಾನು ವಾದಿಸುತ್ತಿದ್ದ ದಿನಗಳಲ್ಲಿ ನನ್ನ ಕೈಯಲ್ಲಿ ಒಂದು ಅಸ್ತ್ರ ಇತ್ತು. 1978ರಲ್ಲಿ ಕೆರ್ ಮತ್ತು ಬೂತ್ ಅನ್ನುವ ಇಬ್ಬರು ಸಂಶೋಧಕರು ಮಾಡಿದ ಪ್ರಯೋಗ. ಮಕ್ಕಳಿಗೆ ಕಾಳು ತುಂಬಿದ ಚಿಕ್ಕ ಚೀಲ ಕೊಟ್ಟು ಗುರಿಗೆ ಎಸೆಯಲು ಹೇಳಿದರು. ಎಂಟು ವರ್ಷದ ಮಕ್ಕಳಲ್ಲಿ ಒಂದು ಗುಂಪು 3 ಅಡಿ ದೂರದಿಂದ ಮಾತ್ರ ಎಸೆಯಿತು. ಇನ್ನೊಂದು ಗುಂಪು 2 ಅಡಿಯಿಂದ ಮತ್ತು 4 ಅಡಿಯಿಂದ ಎಸೆಯಿತು, 3 ಅಡಿಯಿಂದ ಅಭ್ಯಾಸವನ್ನೇ ಮಾಡಲಿಲ್ಲ. ಕೊನೆಗೆ ಎಲ್ಲರಿಗೂ 3 ಅಡಿಯಿಂದ ಪರೀಕ್ಷೆ. ಗೆದ್ದದ್ದು 2 ಮತ್ತು 4 ಅಡಿಯವರು. ಮರುವರ್ಷ ಶೇ ಮತ್ತು ಮಾರ್ಗನ್ ಇನ್ನೊಂದು ಪ್ರಯೋಗದಲ್ಲಿ ಕೈಚಲನೆಗಳನ್ನು ಒಂದೊಂದಾಗಿ ಕಲಿತವರನ್ನೂ ಕಲಸಿ ಕಲಿತವರನ್ನೂ ಹೋಲಿಸಿದರು. ಕಲಿಯುವಾಗ ಕಲಸಿದವರು ಹಿಂದೆ ಬಿದ್ದರು. ಕೆಲವು ದಿನ ಬಿಟ್ಟು ಪರೀಕ್ಷಿಸಿದಾಗ ಅವರೇ ಮುಂದಿದ್ದರು.

ನೋಡಿ, ವಿಜ್ಞಾನವೇ ಹೇಳುತ್ತದೆ, ಬದಲಿಸುತ್ತಿರಬೇಕು ಅಂತ ನಾನು ಹೇಳುತ್ತಿದ್ದೆ. ರಿವಾಲ್ವರ್‌ನ ಮಧ್ಯಾಹ್ನದ ನಂತರ ಈ ಪ್ರಯೋಗವನ್ನು ಮನಸ್ಸಿನಲ್ಲಿ ತಿರುಗಿಸಿ ನೋಡುವಾಗ ಒಂದು ಸಣ್ಣ ವಿಷಯ ಚುಚ್ಚಿತು. ಆ ಮಕ್ಕಳಿಗೆ ಬದಲಿಸಿದ್ದು ದೂರವನ್ನು. ಚೀಲವನ್ನಲ್ಲ. ಎಸೆತ ಅದೇ, ಅದರ ಜೋರು ಮಾತ್ರ ಬೇರೆ. ಈ ಬಗೆಯ ಕಲಿಕೆಗೆ 1975ರಲ್ಲಿ ರಿಚರ್ಡ್ ಶ್ಮಿಟ್ ಕೊಟ್ಟ ವಿವರಣೆಯೂ ಇದೇ ದಾರಿಯದ್ದು: ಒಂದು ಬಗೆಯ ಚಲನೆಗೆ ಮೈಯಲ್ಲಿ ಒಂದು ಮೂಲ ನಕ್ಷೆ ಇರುತ್ತದೆ. ಎಷ್ಟು ಜೋರು, ಎಷ್ಟು ಬೇಗ ಅನ್ನುವುದನ್ನು ಬದಲಿಸಿ ಬದಲಿಸಿ ಮಾಡಿದಷ್ಟೂ ಆ ನಕ್ಷೆಯನ್ನು ಹೊಸ ಸಂದರ್ಭಕ್ಕೆ ಹೊಂದಿಸುವುದು ಸುಲಭವಾಗುತ್ತದೆ.

ಟ್ರಿಗರಿನ ಭಾರ ಬದಲಾದರೆ ಅದು ಚೀಲವನ್ನು ಸ್ವಲ್ಪ ಜೋರಾಗಿ ಎಸೆದ ಹಾಗೆ. ಆ ಮಟ್ಟಿಗೆ ಹಲವು ಪಿಸ್ತೂಲು ಒಳ್ಳೆಯದೇ. ಆದರೆ ಸೇಫ್ಟಿಯನ್ನು ಕೆಳಗೆ ತಳ್ಳುವುದು ಮತ್ತು ತಳ್ಳದಿರುವುದು ಒಂದೇ ಚಲನೆಯ ಜೋರು ಹೆಚ್ಚುಕಮ್ಮಿ ಅಲ್ಲ. ಅವು ಎರಡು ಬೇರೆ ಕೆಲಸಗಳು. ಕೈಯಲ್ಲಿ ಯಾವುದಿದೆ ಅಂತ ನೆನಪಿಸಿಕೊಂಡು ಎರಡರಲ್ಲಿ ಒಂದನ್ನು ಆರಿಸಬೇಕು, ಅದೂ ಟೈಮರ್ ಕೂಗಿದ ಮೇಲೆ. ಆಯ್ಕೆಗಳು ಹೆಚ್ಚಾದಷ್ಟೂ ಕೈ ತಡವಾಗುತ್ತದೆ. ಇಷ್ಟು ದಿನ ನಾನು ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ, ವೈವಿಧ್ಯ ಅಂತ ಚೀಟಿ ಅಂಟಿಸಿದ್ದೆ.

ಒಲಿಂಪಿಕ್ಸ್ ನೋಡಿದರೂ ಇದೇ ಕಾಣುತ್ತದೆ. 2024ರ ಪ್ಯಾರಿಸ್‌ನಲ್ಲಿ ಮನು ಭಾಕರ್ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಕಂಚು ಗೆದ್ದರು, ಮಿಶ್ರ ತಂಡದಲ್ಲಿ ಇನ್ನೊಂದು ಕಂಚು, ಆಮೇಲೆ 25 ಮೀಟರ್ ಪಿಸ್ತೂಲಿನಲ್ಲಿ ನಾಲ್ಕನೆಯವರಾದರು. ಎರಡು ಪಿಸ್ತೂಲು ತಾನೇ ಅಂತ ನಮ್ಮ ಗುಂಪಿನಲ್ಲಿ ಒಬ್ಬ ಗೆಳೆಯ ವಾದ ಹೂಡಿದ್ದ. ಎರಡೇ, ನಿಜ. ಒಂದರ ಟ್ರಿಗರ್ ಕನಿಷ್ಠ 500 ಗ್ರಾಂ, ಇನ್ನೊಂದರದ್ದು ಕನಿಷ್ಠ 1000 ಗ್ರಾಂ. ಒಂದರಲ್ಲಿ 4.5 ಮಿ.ಮೀ. ಪೆಲೆಟ್, ಇನ್ನೊಂದರಲ್ಲಿ .22 ಗುಂಡು. 25 ಮೀಟರ್‌ನ ವೇಗದ ಭಾಗದಲ್ಲಿ ಗುರಿ 3 ಸೆಕೆಂಡ್ ಮಾತ್ರ ತೆರೆದಿರುತ್ತದೆ, ಅಷ್ಟರಲ್ಲಿ ಕೈ ಎತ್ತಿ ಒಂದು ಗುಂಡು ಹೊಡೆಯಬೇಕು. ಆದರೆ ಎರಡಕ್ಕೂ ಒಂದೇ ಕೈ, ಒಂದೇ ನಿಲುವು, ಅಂಗೈಗೆ ತಕ್ಕಂತೆ ಕೆತ್ತಿಸಿಕೊಳ್ಳುವ ಮರದ ಹಿಡಿಕೆ. ಇಂಥ ಆಟದವರು ಎರಡು ಪಿಸ್ತೂಲನ್ನು ಆದಷ್ಟು ಒಂದರಂತೆ ಮಾಡಿಕೊಳ್ಳಲು ಒದ್ದಾಡುತ್ತಾರೆ. ನಾನು ನಾಲ್ಕು ಪಿಸ್ತೂಲುಗಳ ನಡುವಿನ ವ್ಯತ್ಯಾಸವನ್ನು ಚಪ್ಪರಿಸುತ್ತಾ ಕೂತಿದ್ದೆ.

ಈಗ

ಈಗ ಬಹುಪಾಲು ಗ್ಲಾಕ್. ಅದೇ ಯಾಕೆ ಅಂದರೆ ದೊಡ್ಡ ಕಾರಣ ಏನಿಲ್ಲ, ಹೆಬ್ಬೆರಳಿಗೆ ಅಲ್ಲಿ ಕೆಲಸ ಕಮ್ಮಿ. 1911 ಆರಿಸಿಕೊಂಡಿದ್ದರೂ ನಡೆಯುತ್ತಿತ್ತು. ಬದಲಿಸುವುದನ್ನು ಬಿಟ್ಟಿಲ್ಲ. ದೂರ ಬದಲಿಸುತ್ತೇನೆ, ಸಮಯ ಬದಲಿಸುತ್ತೇನೆ, ಒಂದು ಕೈ, ಎರಡು ಕೈ, ಚಿಕ್ಕ ಗುರಿ, ದೊಡ್ಡ ಗುರಿ. ಮೊದಲ ಎರಡು ತಿಂಗಳು ಬಹಳ ಬೇಜಾರಾಯಿತು. ಕೆಟ್ಟ ಹಾಳೆ ಬಂದಾಗ ಓಡಿಹೋಗಲು ಜಾಗ ಇರಲಿಲ್ಲ. ಮುಂದಿನ ವಾರವೂ ಅದೇ ಪಿಸ್ತೂಲು, ಅದೇ ಟ್ರಿಗರ್, ಅದೇ ಕೆಳಗೆ ಎಡಕ್ಕೆ. ಟ್ರಿಗರ್ ಒರಟು ಅಂತ ಬರೆಯಲು ಪೆನ್ನು ಹೋಗುತ್ತದೆ, ನಿಲ್ಲಿಸುತ್ತೇನೆ.

ಒಂದು ವಿಷಯದಲ್ಲಿ ಮಾತ್ರ ಹಲವು ಪಿಸ್ತೂಲುಗಳ ಪರವಾಗಿ ಈಗಲೂ ಜಗಳ ಆಡುತ್ತೇನೆ. ಯಾವ ಪಿಸ್ತೂಲು ಕೈಗೆ ಬಂದರೂ ಅದನ್ನು ಖಾಲಿ ಮಾಡಿ, ಖಾಲಿ ಇದೆ ಅಂತ ಕಣ್ಣಿನಿಂದ ನೋಡಿ ಖಚಿತ ಮಾಡಿಕೊಳ್ಳಲು ಬರಬೇಕು. ಮ್ಯಾಗಜೀನ್ ತೆಗೆಯುವ ಗುಂಡಿ ಕೆಲವದರಲ್ಲಿ ಟ್ರಿಗರಿನ ಹಿಂದೆ, ಕೆಲವು ಹಳೆಯವುಗಳಲ್ಲಿ ಹಿಡಿಕೆಯ ಬುಡದಲ್ಲಿ. ಕೋಲ್ಟ್ ರಿವಾಲ್ವರಿನ ಸಿಲಿಂಡರ್ ತೆರೆಯಲು ಕೀಲನ್ನು ಹಿಂದಕ್ಕೆ ಎಳೆಯಬೇಕು, ಸ್ಮಿತ್ ಅಂಡ್ ವೆಸನ್‌ನದ್ದನ್ನು ಮುಂದಕ್ಕೆ ತಳ್ಳಬೇಕು. ಮ್ಯಾಗಜೀನ್ ತೆಗೆದ ಮೇಲೂ ಬ್ಯಾರಲ್ಲಿನ ಬುಡದ ಚೇಂಬರಿನಲ್ಲಿ ಒಂದು ಗುಂಡು ಕೂತಿರಬಹುದು. ಇದು ಗುರಿಯ ವಿಷಯವೇ ಅಲ್ಲ. ಇಲ್ಲಿ ಯಾರೂ ಟೈಮರ್ ಹಿಡಿದು ನಿಂತಿರುವುದಿಲ್ಲ, ತಡವಾದರೆ ಆಗಲಿ. ಕಲಿಸುವವರು, ರಿಪೇರಿ ಮಾಡುವವರು, ಕೆಲಸದಲ್ಲಿ ಬೇರೆಯವರ ಪಿಸ್ತೂಲನ್ನು ವಶಕ್ಕೆ ತಗೊಳ್ಳುವವರು ಇದನ್ನು ಎಷ್ಟು ಬಗೆಗಳಲ್ಲಿ ಕಲಿತರೂ ಕಡಿಮೆಯೇ. ಆದರೆ ಬಿಚ್ಚಿ ನೋಡಲು ಬರುವುದಕ್ಕೂ ಹೊಡೆಯಲು ಬರುವುದಕ್ಕೂ ನಾನು ಗೆರೆ ಎಳೆದಿರಲಿಲ್ಲ. ಹತ್ತು ಬಗೆಯನ್ನು ಖಾಲಿ ಮಾಡಲು ಬರುತ್ತದೆ ಅನ್ನುವ ಜಂಬವೇ ಹತ್ತು ಬಗೆಯಲ್ಲಿ ಹೊಡೆಯಲು ಬರುತ್ತದೆ ಅನ್ನುವ ಭ್ರಮೆಯಾಗಿ ಬೆಳೆದಿತ್ತು.

1911 ಇನ್ನೂ ಇದೆ. ಆಗಾಗ ತೆಗೆದು, ಒರೆಸಿ, ನಿಧಾನವಾಗಿ ಒಂದು ಮ್ಯಾಗಜೀನ್ ಹೊಡೆದು ಇಡುತ್ತೇನೆ. ಅದನ್ನು ಪಂದ್ಯಕ್ಕೆ ಒಯ್ಯುವುದಿಲ್ಲ. ಬೆರೆಟ್ಟಾ ಅದರ ಯಜಮಾನನ ಹತ್ತಿರ ವಾಪಸ್ ಹೋಯಿತು.

ತಿಂಗಳಿಗೆ ಒಂದು ಸಲ ರಿವಾಲ್ವರ್ ಹೊರಗೆ ಬರುತ್ತದೆ. ಈಗ ಆ ಹಿರಿಯರಿಗೆ ಏನೂ ಹೇಳಬೇಕಾಗಿಲ್ಲ. ನಾನೇ ಬೆನ್ನು ಹಾಕಿ ನಿಲ್ಲುತ್ತೇನೆ, ಅವರು ತುಂಬಿ ಸಿಲಿಂಡರ್ ಮುಚ್ಚಿ ಕೈಗೆ ಕೊಡುತ್ತಾರೆ. ಹೋದ ಸಲ ಆರರಲ್ಲಿ ಎರಡು ಖಾಲಿ ಇದ್ದವು. ಮೊದಲ ಖಾಲಿಗೆ ಮೂತಿ ಕದಲಲಿಲ್ಲ. ಅದು ನನಗೂ ಕಂಡಿತು, ಅವರಿಗೂ ಕಂಡಿತು. ಒಳಗೊಳಗೇ ಖುಷಿಯಾಯಿತು. ಎರಡನೆಯ ಖಾಲಿಗೆ ಕುಸಿಯಿತು.